9 ವರ್ಷದ ಮಗಳಿಗೆ ಮೀನು ಹಿಡಿಯೋದು ಕಲಿಸಬೇಕು, ಯಾವ ಲೂರ್ ತಗೊಳ್ಳಲಿ?

ನಿಮ್ಮ ತಂದೆ ಎರೆಹುಳು ಚುಚ್ಚಿ ಗಾಳ ಹಾಕುತ್ತಿದ್ದರು, ಲೂರ್ ಬಗ್ಗೆ ನಿಮಗೇನೂ ಗೊತ್ತಿಲ್ಲ, ಈಗ ಮಗಳು ಹಟ ಹಿಡಿದಿದ್ದಾಳೆ, ಇಪ್ಪತ್ತು ಲೂರ್ ಇರುವ ಡಬ್ಬಿ ತಗೊಳ್ಳಲಾ ಅಂತ ಕೇಳಿದ್ದೀರಿ. ಲೂರ್ ಅಂದರೆ ಮೀನನ್ನು ಮರುಳು ಮಾಡುವ, ಕೊಕ್ಕೆ ಇರುವ ನಕಲಿ ಎರೆ. ಡಬ್ಬಿ ಬೇಡ. ಕಪ್ಪೆಯ ಹಾಗಿರುವ ಒಂದು ಲೂರ್, ಚಮಚದ ಹಾಗಿರುವ ಒಂದು ಲೋಹದ ಲೂರ್, ಅದಕ್ಕೆ ಸ್ಪೂನ್ ಅಂತಾರೆ. ಮೊದಲ ವರ್ಷಕ್ಕೆ ಇಷ್ಟೇ ಸಾಕು.

ನಮ್ಮದು ಹಾಸನ ಜಿಲ್ಲೆಯ ಕಡೆ. ನಮ್ಮ ಕೆರೆಗಳಲ್ಲಿ ಲೂರ್‌ಗೆ ಬೀಳುವ ಮೀನು ಅಂದರೆ ಮುಖ್ಯವಾಗಿ ಕೊರವ. ಅಂಗಡಿಯವರು ಮುರೆಲ್ ಅಂತಾರೆ. ಕಾಟ್ಲಾ, ರೋಹು ಬೇಕಿದ್ದರೆ ನಿಮ್ಮ ತಂದೆಯ ದಾರಿಯೇ ಸರಿ, ಹಿಟ್ಟು ಅಥವಾ ಹುಳು ಹಾಕಬೇಕು. ಕೊರವ ಹಾಗಲ್ಲ, ಅದು ಬೇಟೆಗಾರ ಮೀನು. ಜೊಂಡು, ತಾವರೆ ಎಲೆಗಳ ನಡುವೆ ಅಡಗಿರುತ್ತದೆ. ಗಾಳಿ ಕುಡಿಯೋಕೆ ಆಗಾಗ ಮೇಲೆ ಬರುತ್ತದೆ, ಮೇಲೆ ಕಪ್ಪೆ ಓಡಾಡಿದರೆ ಹಾರಿ ಹಿಡಿಯುತ್ತದೆ. ಕಪ್ಪೆ ಲೂರ್ ಕೆಲಸ ಮಾಡೋದು ಇದಕ್ಕೇ. ಮೆತ್ತನೆ ರಬ್ಬರಿನ ಟೊಳ್ಳು ಹೊಟ್ಟೆ, ಬೆನ್ನಿಗೆ ಒತ್ತಿಕೊಂಡ ಎರಡು ಕೊಕ್ಕೆ. ಕೊಕ್ಕೆ ಮೇಲ್ಮುಖ ಇರೋದರಿಂದ ಜೊಂಡಿಗೆ ಸಿಕ್ಕಿಕೊಳ್ಳೋದು ಕಡಿಮೆ. ಮಕ್ಕಳಿಗೆ ಇದು ದೊಡ್ಡ ಅನುಕೂಲ. ಹತ್ತು ಸಲ ಎಸೆದು ಒಂಬತ್ತು ಸಲ ಬಿಡಿಸುತ್ತಾ ಕೂತರೆ ಯಾವ ಮಗುವಿಗೆ ತಾಳ್ಮೆ ಉಳಿಯುತ್ತೆ, ಅಲ್ವಾ? ಹೊಟ್ಟೆಯೊಳಗೆ ನೀರು ಸೇರಿದಾಗ ಹಿಸುಕಿ ತೆಗೆಯಬೇಕು. ಕೊಕ್ಕೆಯ ಮೇಲೆ ಕಣ್ಣಿಟ್ಟು, ಆ ಕೆಲಸ ಮಗಳಿಗೇ ಬಿಡಿ. ಖುಷಿಪಡುತ್ತಾಳೆ.

ಕಷ್ಟ ಇರೋದು ಬೇರೆ ಕಡೆ. ಕೊರವ ಕಪ್ಪೆಗೆ ದಬಕ್ ಅಂತ ಬಡಿಯುತ್ತದೆ, ನಮ್ಮ ಎದೆ ಧಸಕ್ ಅನ್ನುತ್ತದೆ, ಆ ಕ್ಷಣದಲ್ಲೇ ಕೋಲು ಎಳೆದುಬಿಡುತ್ತೇವೆ. ಕಪ್ಪೆ ಇನ್ನೂ ಅದರ ಬಾಯೊಳಗೆ ಹೋಗಿರುವುದಿಲ್ಲ. ಅಪ್ಪ ನನ್ನ ಪಕ್ಕ ನಿಂತು ಮೆಲ್ಲಗೆ ‘ಒಂದು... ಎರಡು...’ ಅಂತ ಎಣಿಸುತ್ತಿದ್ದರು. ದಾರದಲ್ಲಿ ಭಾರ ಗೊತ್ತಾದ ಮೇಲೇ ಎಳೆಯಬೇಕು. ಕಲಿಯೋಕೆ ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಅಷ್ಟೂ ದಿನ ಅವರು ಒಮ್ಮೆಯೂ ಕೋಲನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ. ಮನೆಯಲ್ಲಿ ಅಪ್ಪನ ಬಾಯಲ್ಲಿ ನಾಲ್ಕು ಮಾತು ಬಂದರೆ ಜಾಸ್ತಿ. ಅವರ ಚಿಕ್ಕಂದಿನ ಕಥೆಗಳೆಲ್ಲ ನಾನು ಕೇಳಿದ್ದು ಕೆರೆ ಏರಿ ಮೇಲೆ, ನೀರು ನೋಡುತ್ತಾ.

ಸ್ಪೂನ್ ಹರಿಯುವ ನೀರಿಗೆ, ನಾಲೆಗೆ, ಹೊಳೆಗೆ. ಎಳೆದಾಗ ಹೊರಳಾಡುತ್ತಾ ಮಿಂಚುತ್ತದೆ, ಗಾಯಗೊಂಡ ಮರಿಮೀನಿನ ಹಾಗೆ. ಬಾಳೆ ಮೀನೂ ಇದಕ್ಕೆ ಬೀಳುತ್ತದೆ. ಅಪ್ಪ ಊಟದ ಸ್ಟೀಲ್ ಚಮಚದ ಹಿಡಿ ಕತ್ತರಿಸಿ, ಎರಡೂ ತುದಿಗೆ ತೂತು ಕೊರೆದು, ಒಂದು ಕಡೆ ಉಂಗುರ, ಇನ್ನೊಂದು ಕಡೆ ಕೊಕ್ಕೆ ಹಾಕುತ್ತಿದ್ದರು. ಅಮ್ಮ ಚಮಚ ಎಣಿಸಿ ಇಡುತ್ತಿದ್ದರು. ದೊಡ್ಡವಳಾದ ಮೇಲೆ ಫಿನ್‌ಲ್ಯಾಂಡಿನ ಲೌರಿ ರಪಾಲಾ ಅವರ ಬಗ್ಗೆ ಓದಿದೆ. ಬಡ ಮೀನುಗಾರ. ದೊಡ್ಡ ಮೀನುಗಳು ಗುಂಪಿನಲ್ಲಿ ಓಲಾಡುತ್ತಾ ಈಜುವ ಮರಿಯನ್ನೇ ಹುಡುಕಿ ತಿನ್ನುವುದನ್ನು ಗಮನಿಸಿ, 1936ರಲ್ಲಿ ಬೆಂಡು ಕೆತ್ತಿ ಅದೇ ರೀತಿ ಓಲಾಡುವ ಲೂರ್ ಮಾಡಿದರು. ಹೊಳಪಿಗೆ ಚಾಕೊಲೇಟ್ ಸುತ್ತಿದ ಹಾಳೆ, ಮೇಲೆ ಕರಗಿಸಿದ ಫೋಟೋ ನೆಗೆಟಿವ್‌ನ ಲೇಪ. ಮುಂದೆ ಗಂಡುಮಕ್ಕಳೂ ಅದೇ ಕೆಲಸಕ್ಕೆ ಕೂತರು. ಓದುತ್ತಾ ನನಗೆ ಅಪ್ಪನ ಚಮಚವೇ ಕಣ್ಣ ಮುಂದೆ ಬಂತು. ನೀವೂ ಮಗಳ ಜೊತೆ ಒಂದು ಚಮಚ ಹಾಳು ಮಾಡಿ ನೋಡಿ. ಕೊರೆಯೋದು ನೀವು, ಬಣ್ಣ ಹಚ್ಚೋದು ಅವಳು.

ಒಂದು ಮಾತು ಮಾತ್ರ ಮರೆಯಬೇಡಿ. ಮಳೆ ಶುರುವಾದ ಮೇಲೆ ಕೆಲವು ಕಡೆ ನೀರು ಕುದಿಯುವ ಹಾಗೆ ಸಣ್ಣ ಕೆಂಪು ಮರಿಗಳ ಗುಂಪು ಕಾಣುತ್ತದೆ. ಅದು ಕೊರವನ ಸಂಸಾರ. ಕೆಳಗೆ ತಾಯಿತಂದೆ ಕಾವಲು ಇರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಹಸಿವಿಗಲ್ಲ, ಮರಿ ಕಾಯುವ ಸಿಟ್ಟಿಗೆ ಬಂದು ಕಚ್ಚುತ್ತವೆ. ತುಂಬಾ ಸುಲಭದ ಬೇಟೆ. ಎಷ್ಟೋ ಜನ ಹಾಗೇ ಹಿಡಿಯುತ್ತಾರೆ. ತಾಯಿತಂದೆ ಹೋದರೆ ಆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಅಪ್ಪ ಅಂಥ ಜಾಗ ಕಂಡರೆ ದಾರ ಸುತ್ತಿ, ‘ಬಾ ಪುಟ್ಟಿ, ಆ ಕಡೆ ಹೋಗೋಣ’ ಅನ್ನುತ್ತಿದ್ದರು. ರಾಮನಾಥಪುರಕ್ಕೆ ಹೋದಾಗ ಕಾವೇರಿಯಲ್ಲಿ ದೇವರ ಮೀನುಗಳಿಗೆ ನನ್ನ ಕೈಯಿಂದಲೇ ಪುರಿ ಹಾಕಿಸುತ್ತಿದ್ದರು. ಗಾಳ ಹಾಕುವ ಕೈಯೇ ಅದು, ನನಗೆ ಎರಡೂ ಒಂದೇ ಕಲಿಕೆ ಅನಿಸುತ್ತಿತ್ತು.

ಉಳಿದದ್ದು ಚಿಕ್ಕದು. ಆರೂವರೆ ಅಡಿ ಕೋಲು, ಹೆಣೆದ ದಾರ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ, ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ. ಮಗಳಿಗೆ ಟೋಪಿ, ಕನ್ನಡಕ ಇರಲಿ. ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಮೊದಲು ಕೇಳಿ. ಕೆರೆಗೆ ಹೋಗುವ ಮುಂಚೆ ಒಂದು ವಾರ ಅಂಗಳದಲ್ಲಿ ಬಕೆಟ್ ಇಟ್ಟು, ಕೊಕ್ಕೆ ಕತ್ತರಿಸಿದ ಹಳೇ ಕಪ್ಪೆಯನ್ನು ಅದರೊಳಗೆ ಎಸೆಯೋ ಆಟ ಆಡಿ. ಯಾರು ಮೊದಲು ಹಾಕ್ತಾರೆ ಅಂತ ಪಂದ್ಯ ಕಟ್ಟಿ. ನಮ್ಮ ಮನೆಯಲ್ಲಿ ಅಜ್ಜಿಯೇ ಗೆಲ್ಲುತ್ತಿದ್ದರು.