ಮುಟ್ಟಿದರೆ ಸಾಕು, ಫುಲ್ ಸ್ಪೀಡ್!

ಪ್ರಶ್ನೆ: ನಮಸ್ಕಾರ ಸರ್. ನನ್ನದು ಮರಗೆಲಸ. 10 ಎಂಎಂ ಡ್ರಿಲ್ ಮೆಷಿನ್ ಇದೆ, ರಿವರ್ಸ್ ಇಲ್ಲದ್ದು. ಮೊದಲು ಟ್ರಿಗರ್ ಒತ್ತಿದ ಹಾಗೆ ವೇಗ ಏರುತ್ತಿತ್ತು. ಈಗ ಬೆರಳು ತಾಗಿದರೆ ಸಾಕು, ಫುಲ್ ಸ್ಪೀಡ್. ಸ್ಕ್ರೂ ಹಾಕಲು ಹೋದರೆ ಅದರ ತಲೆಯೇ ಸವೆದು ಹೋಗುತ್ತದೆ. ಪೇಂಟಿಂಗ್ ಮಾಡುವ ನನ್ನ ಭಾವ ಆಗಾಗ ಪುಟ್ಟಿ ಕಲಸಲು ಇದನ್ನು ಒಯ್ಯುತ್ತಾರೆ. ಅಂಗಡಿಯವರು ‘ಆರ್ಮೇಚರ್ ಹೋಗಿದೆ, ಹೊಸದು ತಗೊಳ್ಳಿ’ ಅಂತಾರೆ. ಏನು ಮಾಡಲಿ?
– ಒಬ್ಬ ಓದುಗರು, ಶಿರಸಿ

ಉತ್ತರ: ಹೊಸದು ಬೇಡ. ಆರ್ಮೇಚರ್ ಅಂದರೆ ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ. ಅದು ಹೋಗಿದ್ದರೆ ಸುಟ್ಟ ವಾಸನೆ ಬರುತ್ತಿತ್ತು, ಶಕ್ತಿ ಕುಗ್ಗುತ್ತಿತ್ತು, ಅದರ ತುದಿಯ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರ್ ಸುತ್ತ ಬಳೆಯ ಹಾಗೆ ಕಿಡಿ ಓಡುತ್ತಿತ್ತು. ನಿಮ್ಮ ಮೆಷಿನ್ ಫುಲ್ ಸ್ಪೀಡಿನಲ್ಲಿ ಚೆನ್ನಾಗಿಯೇ ಓಡುತ್ತಿದೆಯಲ್ವಾ? ಹೋಗಿರುವುದು ಟ್ರಿಗರ್ ಸ್ವಿಚ್.

ಆ ಸ್ವಿಚ್ಚಿನೊಳಗೆ ಟ್ರಯಾಕ್ ಎಂಬ ಪುಟ್ಟ ಬಿಡಿಭಾಗ ಇರುತ್ತದೆ. ನಮ್ಮ ಮನೆಯ ಕರೆಂಟಿನಲ್ಲಿ ಸೆಕೆಂಡಿಗೆ 100 ಅರ್ಧ ಅಲೆಗಳು ಬರುತ್ತವೆ. ಒಂದೊಂದರ ಮೊದಲ ಪಾಲನ್ನೂ ತಡೆದು, ಉಳಿದದ್ದನ್ನು ಮಾತ್ರ ಮೋಟರಿಗೆ ಬಿಡುವುದು ಟ್ರಯಾಕ್ ಕೆಲಸ. ಟ್ರಿಗರ್ ಒತ್ತುತ್ತಾ ಹೋದಂತೆ ತಡೆ ಕಡಿಮೆಯಾಗುತ್ತದೆ. ಪೂರ್ತಿ ಒತ್ತಿದಾಗ ಹಲವು ಸ್ವಿಚ್ಚುಗಳಲ್ಲಿ ಬೇರೊಂದು ಕಾಂಟ್ಯಾಕ್ಟ್ ಕೂಡಿಕೊಂಡು ಕರೆಂಟು ನೇರವಾಗಿ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಬಿಚ್ಚುವ ಮೊದಲೇ ರೋಗ ಹೇಳಬಹುದು. ಮುಟ್ಟಿದ ಕೂಡಲೇ ಫುಲ್ ಸ್ಪೀಡ್ ಅಂದರೆ ಟ್ರಯಾಕ್ ಶಾರ್ಟ್. ಅರ್ಧ ಒತ್ತಿದಾಗ ಸುಮ್ನಿದ್ದು ಪೂರ್ತಿ ಒತ್ತಿದಾಗ ಮಾತ್ರ ಓಡಿದರೆ ಟ್ರಯಾಕ್ ಕೆಲಸವನ್ನೇ ಮಾಡುತ್ತಿಲ್ಲ. ತಡೆತಡೆದು ಓಡಿದರೆ ಮೊದಲು ಕಾರ್ಬನ್ (ಕಮ್ಯುಟೇಟರಿಗೆ ಉಜ್ಜುತ್ತಾ ಕರೆಂಟು ಕೊಡುವ ತುಂಡು) ನೋಡಿ, ಸ್ವಿಚ್ಚಿನ ಮೇಲೆ ಅನುಮಾನ ಆಮೇಲೆ.

ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. ಪ್ಲಗ್ ಕಿತ್ತು ಹಿಡಿಕೆ ಬಿಚ್ಚಿ. ವೈರುಗಳ ಫೋಟೊ ಮೊದಲು ತೆಗೆದುಕೊಳ್ಳಿ. ಮೋಟರಿಗೆ ಹೋಗುವ ಎರಡು ವೈರು ಬಿಡಿಸಿ, ಆ ಜಾಗಕ್ಕೆ 100 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬು ಹಾಕಿ. ಎಲ್‌ಇಡಿ ಬೇಡ, ಅದು ದಾರಿ ತಪ್ಪಿಸುತ್ತದೆ. ತೆರೆದ ವೈರುಗಳಿಗೆ ಟೇಪ್ ಸುತ್ತಿ, ಆಮೇಲೆ ಪ್ಲಗ್ ಹಾಕಿ ಟ್ರಿಗರನ್ನು ನಿಧಾನ ಒತ್ತಿ. ಸ್ವಿಚ್ ಸರಿಯಿದ್ದರೆ ಬಲ್ಬು ಮೊದಲು ಕೆಂಪಗೆ ಮಿಣುಗಿ, ಮೆಲ್ಲಗೆ ಹಳದಿಯಾಗಿ, ಕೊನೆಗೆ ಬೆಳ್ಳಗಾಗುತ್ತದೆ. ನಿಮ್ಮದರಲ್ಲಿ ಒಮ್ಮೆಲೇ ಪೂರ್ತಿ ಉರಿಯುತ್ತದೆ ನೋಡಿ. ಕರೆಂಟಿನ ಕೆಲಸಕ್ಕೆ ಕೈ ನಡುಗುವುದಾದರೆ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಟ್ರಯಾಕ್ ಒಂದನ್ನೇ ಬದಲಿಸುವ ಸಾಹಸ ಬೇಡ. ಸ್ವಿಚ್ಚನ್ನು ತೆರೆದ ಕ್ಷಣ ಅಕ್ಕಿಕಾಳಿನಷ್ಟು ಸ್ಪ್ರಿಂಗುಗಳು ಎಗರಿ ಬೆಂಚಿನ ಕೆಳಗಿನ ಹೊಟ್ಟಿನಲ್ಲಿ ಸೇರಿಕೊಳ್ಳುತ್ತವೆ. ಇಡೀ ಸ್ವಿಚ್ಚೇ ಬದಲಿಸಿ. ಹಳೆಯದನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಿ. ಮೈಮೇಲೆ ಬರೆದಿರುವ ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡವೇ ಬೇಡ. ಆಕಾರ ಹಿಡಿಕೆಯೊಳಗೆ ಕೂರಬೇಕು. ಮುಚ್ಚುವಾಗ ವೈರು ಎರಡು ಚಿಪ್ಪುಗಳ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಬೆಂಗಳೂರಿಗೆ ಬರುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಹುಡುಕಲು ಹೇಳಿ.

ಇನ್ನು ಭಾವನ ವಿಷಯ. ನನಗೆ ಅನುಮಾನ ಇರುವುದೇ ಆ ಪುಟ್ಟಿ ಮೇಲೆ. ಮೆಷಿನ್ನನ್ನು ತಂಪಾಗಿಡುವ ಫ್ಯಾನು ಮೋಟರಿನ ಶಾಫ್ಟಿಗೇ ಕೂತಿದೆ. ಟ್ರಿಗರ್ ಅರ್ಧ ಒತ್ತಿ ದಪ್ಪ ಪುಟ್ಟಿ ಕಲಸಿದರೆ ವೇಗ ಕಡಿಮೆ, ಗಾಳಿ ಕಡಿಮೆ, ಎಳೆಯುವ ಕರೆಂಟು ಮಾತ್ರ ಜಾಸ್ತಿ. ಟ್ರಯಾಕ್ ಕಾದು ಕಾದು ಸಾಯುತ್ತದೆ. ಹೊಸ ಸ್ವಿಚ್ ಹಾಕಿಸಿ ಮತ್ತೆ ಅದೇ ಕೆಲಸಕ್ಕೆ ಕೊಟ್ಟರೆ ಮತ್ತೆ ನನಗೇ ಬರೆಯುತ್ತೀರಿ! ಅವರಿಗೆ ಮಿಕ್ಸರ್ ಮೆಷಿನ್ ಬಾಡಿಗೆಗೆ ತರಲು ಹೇಳಿ. ಸಂಬಂಧ ಕೆಡದ ಹಾಗೆ ಹೇಳುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: 4 ಇಂಚಿನ ಗ್ರೈಂಡರಿಗೆ ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಹಾಕಿ ವೇಗ ಇಳಿಸಬಹುದೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಖಂಡಿತ ಬೇಡ. ಸಾಮಾನ್ಯ ಸೀಲಿಂಗ್ ಫ್ಯಾನ್ ಎಳೆಯುವುದು 75 ವ್ಯಾಟ್ ಆಸುಪಾಸು, ನಿಮ್ಮ ಗ್ರೈಂಡರ್ 600ಕ್ಕೂ ಮೇಲೆ. ರೆಗ್ಯುಲೇಟರ್ ಸುಟ್ಟು ಹೋಗುತ್ತದೆ. ದೊಡ್ಡ ಡಿಮ್ಮರ್ ಹಾಕಿದರೂ ಡಿಸ್ಕ್ ಕಲ್ಲಿಗೆ ತಾಗಿದ ಕೂಡಲೇ ವೇಗ ಕುಸಿಯುತ್ತದೆ. ವೇಗದ ಡಯಲ್ ಇರುವ ಒಳ್ಳೆಯ ಗ್ರೈಂಡರುಗಳಲ್ಲಿ ಶಾಫ್ಟಿನ ತುದಿಗೆ ಒಂದು ಅಯಸ್ಕಾಂತ, ಪಕ್ಕದಲ್ಲಿ ಸೆನ್ಸರ್ ಇರುತ್ತದೆ. ವೇಗ ಇಳಿದರೆ ಅದು ತಾನೇ ಕರೆಂಟು ಏರಿಸುತ್ತದೆ. ಪಾಲಿಶ್ ಕೆಲಸ ಜಾಸ್ತಿ ಇದ್ದರೆ ಅಂಥದ್ದನ್ನೇ ಕೊಳ್ಳಿ.