ಹಳೆ ಜೋಡಿ ನಳಿಗೆ ಕೋವಿ ಅಗ್ಗಕ್ಕೆ ಸಿಕ್ಕರೆ: ಮೊದಲು ನಳಿಗೆ, ಆಮೇಲೆ ಬೆಲೆ

ಮೂಡಿಗೆರೆ ಕಡೆ ತೋಟದ ಮನೆಯೊಂದರಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡಿ ನಳಿಗೆ ಕೋವಿ ಇದೆ, 12 ಬೋರ್ (ಬೋರ್ ಅಂದರೆ ನಳಿಗೆಯ ಒಳಅಳತೆ), ತುಂಬಾ ಕಡಿಮೆಗೆ ಕೊಡ್ತಾರಂತೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನಿಮ್ಮ ಲೈಸೆನ್ಸಿನಲ್ಲಿ ಈಗ ಒಂದೇ ಕೋವಿ ಇದೆ ಅಂತಲೂ ಬರೆದಿದ್ದೀರಿ. ತಗೊಳ್ಳಬಹುದು. ಆದರೆ ಅಗ್ಗ ಯಾಕೆ ಅಂತ ಮೊದಲು ತಿಳ್ಕೊಳ್ಳಿ.

ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ್ದಾರೆ. ಚುನಾವಣೆ ಬಂದಾಗೆಲ್ಲ ಕೋವಿ ಹೊತ್ತು ಠಾಣೆಗೆ ಅಲೆಯೋದು ಅವರಿಗೆ ಬೇಡ. ಅಂಥ ಮನೆಯ ಕೋವಿ ಅಗ್ಗವಾದರೆ ನಿಮ್ಮ ಅದೃಷ್ಟ. ನಳಿಗೆಯೇ ಹೋಗಿ ಅಗ್ಗವಾಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕೈಗೆ ತಗೊಂಡ ತಕ್ಷಣ ಎರಡೂ ನಳಿಗೆ ಖಾಲಿ ಇದೆಯಾ ಅಂತ ನೋಡಿ. ಆಮೇಲೆ ಮುಂದಿನ ಮರ (ನಳಿಗೆಯ ಅಡಿ ಕೈ ಹಿಡಿಯೋ ಮರ) ಬಿಚ್ಚಿ ನಳಿಗೆ ಕಳಚಿ. ಅಡಿಯ ಕೊಕ್ಕೆಗೆ ಬೆರಳು ಸಿಕ್ಕಿಸಿ ನೇತಾಡಿಸಿ, ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆ ಥರ ನಾದ ಬಂದರೆ ಒಳ್ಳೇದು. ಮಂಕಾಗಿ ಟಪ್ ಅಂದರೆ ಎರಡು ನಳಿಗೆ ಕೂಡಿಸೋ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ನಮ್ಮ ಮಳೆಗೆ ಆ ಸಂದಿಯಲ್ಲಿ ನೀರು ಇಳಿದು, ಕಣ್ಣಿಗೆ ಕಾಣದ ಕಡೆ ತುಕ್ಕು ತಿಂತಾ ಇರುತ್ತೆ.

ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಒಳಗೆ ನೋಡಿ. ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾಗಿದ್ದರೆ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ತಗ್ಗನ್ನು ಎತ್ತಿಸಬಹುದು. ಉಬ್ಬಿದ್ದರೆ ಬಿಟ್ಟುಬಿಡಿ. ಒಳಗಿನ ತುಕ್ಕಿನ ಗುಳಿಗಳನ್ನು ಉಜ್ಜಿ ಪಾಲಿಶ್ ಮಾಡಿ ಮಾರೋರೂ ಇದ್ದಾರೆ. ಒಳಗೆ ಕನ್ನಡಿ ಥರ ಹೊಳೀತಾ ಇದ್ದರೆ ಖುಷಿಪಡಬೇಡಿ, ಲೋಹ ಎಷ್ಟು ಉಳಿದಿದೆ ಅಂತ ರಿಪೇರಿಯವರ ಗೇಜಿನಲ್ಲಿ ಅಳೆಸಿ.

ಮತ್ತೆ ಜೋಡಿಸಿ, ಮುಂದಿನ ಮರ ಮಾತ್ರ ಹಾಕದೆ, ಹಿಡಿ ಹಿಡಿದು ಅಲ್ಲಾಡಿಸಿ. ಗಲಗಲ ಅಂದರೆ ಕೀಲು ಸವೆದಿದೆ. ಇದನ್ನು ಮುಚ್ಚೋಕೆ ಕೊಕ್ಕೆಯ ಮೇಲೆ ಪಂಚ್‌ನಿಂದ ಗುದ್ದಿ ಬಿಗಿ ಮಾಡಿರ್ತಾರೆ. ಸಣ್ಣ ಸಣ್ಣ ಗುದ್ದಿನ ಚುಕ್ಕೆ ಕಾಣುತ್ತೆ ನೋಡಿ. ಸ್ವಲ್ಪ ದಿನ ಬಿಗಿಯಾಗಿರುತ್ತೆ, ಆಮೇಲೆ ಮತ್ತೆ ಅದೇ ಕಥೆ.

ನಳಿಗೆ ಕಳಚಿದಾಗ ಅಡಿಯ ಚಪ್ಪಟೆ ಜಾಗದ ಗುರುತು ಓದದೆ ಬರಬೇಡಿ. ಪಟ್ಟಿ ಮೇಲೆ ಕಲ್ಕತ್ತಾದ ರೊಡ್ಡಾ, ಮ್ಯಾಂಟನ್ ಅಂತ ಕೆತ್ತಿದ್ದರೆ ಅದು ಬಹುಪಾಲು ಮಾರಿದ ಅಂಗಡಿ ಹೆಸರು. ಕೋವಿ ಎಲ್ಲಿ ಪರೀಕ್ಷೆ ಆಗಿದ್ದು ಅಂತ ಹೇಳೋದು ಅಡಿಯ ಚಪ್ಪಟೆ ಜಾಗದ ಗುರುತು. ಮೊಟ್ಟೆಯಾಕಾರದೊಳಗೆ ಇ ಎಲ್ ಜಿ ಅಕ್ಷರ ಇದ್ದರೆ ಬೆಲ್ಜಿಯಂನ ಲಿಯೇಜ್. ಆಗ 'ಇಂಗ್ಲಿಷ್ ಕೋವಿ' ಅನ್ನೋ ಬೆಲೆ ಕೊಡಬೇಡಿ. ನಳಿಗೆ ಮೇಲೆ ಸುರುಳಿ ಸುರುಳಿ ಗೆರೆ ಇದ್ದರೆ ಅದು ಡಮಾಸ್ಕಸ್, ಕಬ್ಬಿಣ-ಉಕ್ಕಿನ ಪಟ್ಟಿ ಹೊಸೆದು ಬೆಸೆದದ್ದು, ಕರಿಮದ್ದಿನ ಕಾಲದ ಕೆಲಸ. ನೈಟ್ರೋ ಪರೀಕ್ಷೆಯ (ಈಗಿನ ಹೊಗೆಯಿಲ್ಲದ ಮದ್ದಿಗೆ ನಳಿಗೆ ತಡೆಯುತ್ತೆ ಅನ್ನೋ ಪರೀಕ್ಷೆ) ಗುರುತಿಲ್ಲದಿದ್ದರೆ ಅದರಲ್ಲಿ ಈಗಿನ ತೋಟಾ ಹೊಡೆಯಲೇಬೇಡಿ.

ಇನ್ನೊಂದು, ಇದನ್ನು ತುಂಬಾ ಜನ ಗಮನಿಸಲ್ಲ. ಹಳೆ ಇಂಗ್ಲಿಷ್ ಕೋವಿಗಳ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, ಸಾಮಾನ್ಯವಾಗಿ 65 ಮಿ.ಮೀ., ಅಂದರೆ ಎರಡೂವರೆ ಇಂಚು. 70 ಮಿ.ಮೀ. ತೋಟಾ ಕೂಡ ಅದರೊಳಗೆ ಆರಾಮಾಗಿ ಕೂರುತ್ತೆ. ಯಾಕಂದ್ರೆ ಆ 70ರ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. 'ತೋಟಾ ಕೂರುತ್ತಲ್ಲ' ಅನ್ನೋ ಮಾತು ನಂಬಬೇಡಿ.

ಮರದ ಮೇಲಿನ ಗೀರು, ಮಾಸಿದ ಬಣ್ಣ, ಕಿತ್ತ ಬಟ್ ಪ್ಲೇಟ್, ಇದಕ್ಕೆಲ್ಲ ಚೌಕಾಸಿ ಮಾಡಿ ಬೆಲೆ ಇಳಿಸಿ, ಅಷ್ಟೇ.

ಈಗ ಕಾಗದ. ಅಜ್ಜ ತೀರಿಕೊಂಡಿದ್ದರೆ ಕೋವಿ ಅಟ್ಟದ ಮೇಲೆ ಇರುವ ಹಾಗಿಲ್ಲ, ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಇರಬೇಕು. ಅದನ್ನು ಮೊದಲು ವಾರಸುದಾರರು ಸರಿಮಾಡಿಕೊಳ್ಳಲಿ. ಮಾರೋರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆದ ಮೇಲೆಯೇ ಕೊಡಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಬ್ಬರಿಗೆ ಎರಡೇ ಕೋವಿ, ಹಾಗಾಗಿ ನಿಮಗೆ ಜಾಗ ಇದೆ. ಆದರೆ ನಿಮ್ಮದು ಬೆಳೆ ರಕ್ಷಣೆಗೆ ಕೊಟ್ಟ ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯೋದು) ಲೈಸೆನ್ಸಾದರೆ ತೋಟಾ ಕೋವಿಗೆ ಬೇರೆ ಅನುಮತಿ ಬೇಕು. ಅಡ್ವಾನ್ಸ್ ಕೊಡೋ ಮುಂಚೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ನಳಿಗೆ 20 ಇಂಚಿಗಿಂತ ಗಿಡ್ಡ ಮಾಡಿಸಿದ ಕೋವಿಯಾದರೆ ಹತ್ತಿರವೂ ಹೋಗಬೇಡಿ. ಮಾತು ಮುಗೀತು ಅಂತ 'ಟ್ರಯಲ್'ಗೆ ಮನೆಗೂ ತರಬೇಡಿ.

ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು 'ಆಂಟಿಕ್ ಆದರೆ ಲೈಸೆನ್ಸ್ ಬೇಡ' ಅಂದಿದ್ದಾರೆ. ರಿಪೇರಿ ಮಾಡಿದರೂ ಹಾರದ ಕೋವಿಗೆ ಮಾತ್ರ ಆ ಮಾತು. ಇನ್ನೊಬ್ಬರು ಹೇಳಿದ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋ ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ. ಮೂಡಿಗೆರೆಯಲ್ಲಿ ತೋಟ ಇದ್ದ ಮಾತ್ರಕ್ಕೆ ಸಿಗಲ್ಲ. ಮತ್ತೆ, ಕೋವಿ ಬಂತು ಅಂತ ಹಂದಿ ಹೊಡೆಯೋ ಯೋಚನೆ ಇದ್ದರೆ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು, ಲೈಸೆನ್ಸ್ ಸಾಲದು.

ನೋಡೋಕೆ ಹೋದಾಗ ಲೈಸೆನ್ಸಿನ ನಂಬರ್ ಕೋವಿ ಮೇಲಿನ ನಂಬರಿಗೆ ಹೊಂದುತ್ತಾ, ನಳಿಗೆ ಮತ್ತು ಬಾಡಿ ಎರಡರ ಮೇಲೂ ಒಂದೇ ನಂಬರ್ ಇದೆಯಾ ನೋಡಿ. ಆ ಚಪ್ಪಟೆ ಜಾಗದ ಗುರುತಿನ ಫೋಟೋ ಹಗಲು ಬೆಳಕಲ್ಲಿ ತೆಗೆದು, ನಂಬರ್ ಮುಚ್ಚಿ ಇಲ್ಲೇ ಹಾಕಿ. ಓದಿ ಹೇಳ್ತೀನಿ.