ಸಿದ್ದಿ ಯುವತಿ ಹವಾಮಾನ ಮಾತುಕತೆಗೆ ಹೇಗೆ ತಯಾರಾಗಬೇಕು?

ಯಲ್ಲಾಪುರ ಕಡೆಯ ಸಿದ್ದಿ ಬುಡಕಟ್ಟಿನ ಹುಡುಗಿಯೊಬ್ಬಳು ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಹೋಗಬೇಕಾದರೆ ಏನೇನು ಕಲಿತಿರಬೇಕು ಅಂತ ಕೇಳಿದ್ದೀರಿ.

ಮಾನ್ಯತೆ ಪಡೆದ ವೀಕ್ಷಕ ಸಂಸ್ಥೆಯೊಂದು, ಅಂದರೆ ಸರ್ಕಾರದ ಪರವಾಗಿ ಅಲ್ಲದೆ ಸಮ್ಮೇಳನ ನೋಡಲು ಅನುಮತಿ ಇರುವ ಸಂಸ್ಥೆ, ಅವಳ ಹೆಸರು ಕಳಿಸಬೇಕು. 2001ರಿಂದ ಮೂಲನಿವಾಸಿಗಳಿಗೆ ಅಲ್ಲಿ ತಮ್ಮದೇ ಗುಂಪಿದೆ. ಮತದ ಹಕ್ಕಿಲ್ಲ, ಮಾತಿಗೆ ಸಿಗುವುದು ಒಂದೆರಡು ನಿಮಿಷ.

ಹಾಗಾಗಿ ಜಾಸ್ತಿ ತಯಾರಿ ಬೇಕಿರುವುದು ಭಾಷಣಕ್ಕಲ್ಲ, ದೇಶಗಳು ಚರ್ಚಿಸುವ ಒಪ್ಪಂದದ ಕರಡು ಓದುವುದಕ್ಕೆ. ಕರಡಿನಲ್ಲಿ ಚೌಕ ಆವರಣದೊಳಗೆ ಇರುವುದೆಲ್ಲ ಇನ್ನೂ ಒಪ್ಪಿಗೆಯಾಗದ ಮಾತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಮೂಲನಿವಾಸಿಗಳ ಹಕ್ಕು ಉಳಿದದ್ದು ಪೀಠಿಕೆಯಲ್ಲಿ ಮಾತ್ರ. ಕರಡಿನ ಮುಖ್ಯ ಭಾಗದಿಂದ ಅದು ಹೇಗೆ ಜಾರಿತು ಅನ್ನುವುದನ್ನು ಊರಲ್ಲೇ ಕೂತು, ಕನ್ನಡದಲ್ಲಿ ಸಾಲುಸಾಲಾಗಿ ಬಿಡಿಸಿ ನೋಡಲಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಸಣ್ಣ ಕೋಣೆಗಳ ಚರ್ಚೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅನುವಾದ ಇರುವುದಿಲ್ಲ. ಅದಕ್ಕೂ ಅಭ್ಯಾಸ ಬೇಕು ಅಲ್ವಾ?

ಜತೆಗೆ ಊರಿನ ಲೆಕ್ಕ. ಈ ವರ್ಷ ಉಪ್ಪಾಗೆ (ಕಾಡಿನ ಹುಳಿ ಹಣ್ಣು) ಯಾವಾಗ ಹಣ್ಣಾಯಿತು, ಮಳೆಯಲ್ಲಿ ಅದನ್ನು ಒಣಗಿಸಲು ಎಷ್ಟು ಸೌದೆ ಹೋಯಿತು, ಜೇನು ಎಷ್ಟು ಸಿಕ್ಕಿತು ಅಂತ ಹಿರಿಯರನ್ನು ಕೇಳಿ ಬರೆದಿಡಲಿ. ಹೊರಡುವ ಮೊದಲೇ ಭಾರತದ ನಿಯೋಗದವರಿಗೆ ಇದನ್ನು ತಲುಪಿಸಬೇಕು. ಮೇಜಿನ ಮುಂದೆ ಕೂರುವವರು ಅವರೇ.

ಒಬ್ಬಳನ್ನೇ ಕಳಿಸಬೇಡಿ. ಜೊತೆಗೆ ಇನ್ನೊಬ್ಬರಿರಲಿ. ಸಾಧ್ಯವಾದರೆ ಮೊದಲು ಜರ್ಮನಿಯ ಬಾನ್ ನಗರದಲ್ಲಿ ಜೂನ್ ತಿಂಗಳಲ್ಲಿ ನಡೆಯುವ ಪೂರ್ವಸಿದ್ಧತೆಯ ಹವಾಮಾನ ಸಭೆಗೆ ಹೋಗಿಬರಲಿ.